ಫಾರಂ ತುಂಬಿದರೆ ಸಾಲದು, ಅದು ತಲುಪಬೇಕು

ಮಾನ್ಯ ಸಂಪಾದಕರೇ,

ದೂರು, ವಿಚಾರಣೆ, ಅರ್ಜಿ ಏನೇ ಇದ್ದರೂ ವೆಬ್‌ಸೈಟ್‌ನ ಫಾರಂ ಮೂಲಕವೇ ಸಲ್ಲಿಸಿ ಎನ್ನುವ ಸಂಸ್ಥೆಗಳು ಹೆಚ್ಚುತ್ತಿವೆ. ಗುಂಡಿ ಒತ್ತಿದೊಡನೆ ‘ನಿಮ್ಮ ಸಂದೇಶವನ್ನು ಕಳುಹಿಸಲಾಗಿದೆ, ಧನ್ಯವಾದಗಳು’ ಎಂಬ ಸಾಲು ಮೂಡುತ್ತದೆ. ಉತ್ತರ ಬಾರದಿದ್ದಾಗ ಜನ ಸಿಬ್ಬಂದಿಯ ಉದಾಸೀನವನ್ನು ದೂರುತ್ತಾರೆ. ಸಿಬ್ಬಂದಿಗೋ ಅಂಥದೊಂದು ಸಂದೇಶ ಹೊರಟದ್ದೇ ಗೊತ್ತಿರುವುದಿಲ್ಲ. ಎಷ್ಟೋ ಸಲ ದೋಷ ಇರುವುದು ಇವರಿಬ್ಬರಲ್ಲಿ ಅಲ್ಲ, ಸರ್ವರ್‌ನಿಂದ ಹೊರಹೋಗುವ ಇಮೇಲ್ ವ್ಯವಸ್ಥೆಯನ್ನು ಅರೆಬರೆಯಾಗಿ ಹೊಂದಿಸಿ ಕೈತೊಳೆದುಕೊಂಡಿರುವುದರಲ್ಲಿ.

ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತಾಣಗಳನ್ನೇ ನೋಡಿ. ಅಲ್ಲಿನ ‘ಮೇಲ್’ ಫಂಕ್ಷನ್ ಯಶಸ್ಸಿನ ಉತ್ತರ ಕೊಟ್ಟರೆ, ಅದೇ ಯಂತ್ರದಲ್ಲಿರುವ ಮೇಲ್ ತಂತ್ರಾಂಶ ಪತ್ರವನ್ನು ಸ್ವೀಕರಿಸಿತು ಎಂದಷ್ಟೇ ಅರ್ಥ. ಅಂಚೆ ಡಬ್ಬಿಗೆ ಹಾಕಿದ್ದನ್ನೇ ಬಟವಾಡೆಯೆಂದು ಲೆಕ್ಕ ಹಿಡಿದಂತಾಯಿತು. ಆಚೆಯ ಸರ್ವರ್ ಪತ್ರವನ್ನು ಸದ್ಯಕ್ಕೆ ತೆಗೆದುಕೊಳ್ಳದಿದ್ದರೆ, ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ತಾನಾಗಿಯೇ 5 ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಕಳುಹಿಸಿದವರಿಗೆ ಹಿಂದಿರುಗಿಸುತ್ತದೆ. ಆ ‘ಕಳುಹಿಸಿದವರು’ ಹಲವೆಡೆ ವೆಬ್ ಸರ್ವರ್‌ನದೇ ಖಾತೆಯಾಗಿದ್ದು, ಅದರ ಅಂಚೆಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಫಾರಂ ತುಂಬಿದವರ ವಿಳಾಸವನ್ನೇ ‘ಫ್ರಮ್’ (ಕಳುಹಿಸಿದವರು) ಜಾಗದಲ್ಲಿ ಇಟ್ಟುಬಿಡುತ್ತಾರೆ. ನೋಡುವುದಕ್ಕೆ ಅದು ಸಹಜವೇ; ಆದರೆ ಸ್ವೀಕರಿಸುವ ಸರ್ವರ್‌ನ ದೃಷ್ಟಿಯಲ್ಲಿ ಅದು ಬೇರೊಬ್ಬರ ಹೆಸರಿನಲ್ಲಿ ಬಂದ ನಕಲಿ ಪತ್ರ. ತನ್ನ ಡೊಮೇನ್‌ನ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಭಾಗ) ಹೆಸರು ಹೊತ್ತು ಅನ್ಯರ ಸರ್ವರ್‌ಗಳಿಂದ ಬರುವ ಪತ್ರಗಳನ್ನು ತಿರಸ್ಕರಿಸಿ ಎಂದು ಯಾಹೂ 2014ರಲ್ಲಿಯೇ ಡಿಮಾರ್ಕ್ ನೀತಿಯ ಮೂಲಕ, ಅಂದರೆ ತನ್ನ ಹೆಸರಿನ ನಕಲಿ ಪತ್ರಗಳನ್ನು ಏನು ಮಾಡಬೇಕೆಂದು ಡೊಮೇನ್‌ನ ಒಡೆಯರು ಪ್ರಕಟಿಸುವ ಸೂಚನೆಯ ಮೂಲಕ, ಸಾರಿತು. ‘ಫ್ರಮ್’ನಲ್ಲಿ ಸಂಸ್ಥೆಯ ಸ್ವಂತ ಡೊಮೇನ್‌ನ ವಿಳಾಸವಿದ್ದು, ಫಾರಂ ತುಂಬಿದವರದು ಉತ್ತರ ಹೋಗಬೇಕಾದ ವಿಳಾಸದ ಜಾಗವಾದ ‘ರಿಪ್ಲೈ-ಟು’ನಲ್ಲಿದ್ದರೆ ಉತ್ತರಿಸುವವರಿಗೂ ಅಡ್ಡಿಯಿಲ್ಲ. ಹಾಗೆ ಇಡುವಾಗ ಹೆಸರು, ವಿಷಯಗಳ ಜಾಗದಲ್ಲಿ ಹೊಸ ಸಾಲಿನ ಚಿಹ್ನೆ ನುಸುಳದಂತೆ ತಡೆಯಲೇಬೇಕು. ಇಲ್ಲವಾದರೆ ಸ್ಪ್ಯಾಮ್ ಹಂಚುವವರು ಅಲ್ಲಿಂದಲೇ ತಮ್ಮ ವಿಳಾಸಪಟ್ಟಿಯನ್ನು ತೂರಿಸಿಬಿಡುತ್ತಾರೆ.

ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳಿರುವ ಸಾರ್ವಜನಿಕ ದಾಖಲೆ ವ್ಯವಸ್ಥೆ) ಎಸ್‌ಪಿಎಫ್ (ಯಾವ ಸರ್ವರ್‌ಗಳು ಆ ಹೆಸರಿನಲ್ಲಿ ಪತ್ರ ಕಳುಹಿಸಬಹುದೆಂಬ ಪಟ್ಟಿ) ಅಥವಾ ಡಿಕಿಮ್ (ಪತ್ರದ ಡಿಜಿಟಲ್ ಸಹಿಯನ್ನು ಪರಿಶೀಲಿಸುವ ಕೀಲಿ) ದಾಖಲೆ ಇರುವುದು ಈಗ ಐಚ್ಛಿಕವಾಗಿ ಉಳಿದಿಲ್ಲ. ಜಿಮೇಲ್ ಖಾತೆಗಳಿಗೆ ಕಳುಹಿಸುವ ಎಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ನಿಯಮ ಮಾಡಿದೆ. ಹೊಸ ಮೇಲ್ ಸೇವೆಗೆ ಬದಲಾದಾಗ ಹಳೆಯ ಎಸ್‌ಪಿಎಫ್ ಸಾಲನ್ನು ತಿದ್ದುವ ಬದಲು ಇನ್ನೊಂದನ್ನು ಪಕ್ಕಕ್ಕೆ ಸೇರಿಸುವವರಿದ್ದಾರೆ. ಒಂದು ಡೊಮೇನ್‌ಗೆ ಎರಡು ಎಸ್‌ಪಿಎಫ್ ದಾಖಲೆಗಳಿದ್ದರೆ ಪರೀಕ್ಷೆಯೇ ದೋಷವೆಂದು ಮುಗಿಯುತ್ತದೆ, ಇದ್ದದ್ದೂ ಕೆಲಸಕ್ಕೆ ಬಾರದು. ಇನ್ನು ಹಲವು ಕ್ಲೌಡ್ ಸೇವೆಗಳು ಸರ್ವರ್‌ಗಳು ಪರಸ್ಪರ ಮೇಲ್ ದಾಟಿಸುವ, ಹೊರಹೋಗುವ 25ನೇ ಪೋರ್ಟನ್ನು (ಸಂಪರ್ಕದ ಬಾಗಿಲು) ಮುಚ್ಚಿಯೇ ಇಟ್ಟಿರುವುದರಿಂದ, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ನೀಡಿ 587 ಅಥವಾ 465ರ ಮೂಲಕ ಅಧಿಕೃತ ಮೇಲ್ ಸರ್ವರ್‌ಗೆ ಒಪ್ಪಿಸುವುದೇ ನೇರ ದಾರಿ. ಆ ಪಾಸ್‌ವರ್ಡ್ ಇರುವ ಕಡತ ಬ್ರೌಸರ್‌ನಿಂದ ತೆರೆಯಬಹುದಾದ ಫೋಲ್ಡರ್‌ನಲ್ಲಿ ಇರಬಾರದೆಂದು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಇಷ್ಟೆಲ್ಲ ಮಾಡಿದರೂ ಇಮೇಲ್ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸಂದೇಶವನ್ನು ಮೊದಲು ಡೇಟಾಬೇಸ್‌ನಲ್ಲಿ ದಾಖಲಿಸಿ, ದಾಖಲೆ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸಿ, ಆ ಬಳಿಕ ಇಮೇಲ್ ಕಳುಹಿಸಬೇಕು. ವೆಬ್‌ಸೈಟ್ ಮಾಡಿಸುವ ಸಂಸ್ಥೆಗಳು ಕೆಲಸ ಒಪ್ಪಿಕೊಳ್ಳುವ ಮುನ್ನ ಹೊರಗಿನ ಎರಡು ಮೂರು ಮೇಲ್ ಸೇವೆಗಳಿಗೆ ಫಾರಂನಿಂದ ಪತ್ರ ಕಳುಹಿಸಿ, ಅದು ಇನ್‌ಬಾಕ್ಸ್‌ಗೆ ಬಿತ್ತೋ ಸ್ಪ್ಯಾಮ್‌ಗೆ ಬಿತ್ತೋ ಕಣ್ಣಾರೆ ನೋಡಲಿ. ಹಿಂದಿರುಗುವ ಪತ್ರಗಳನ್ನು ಓದುವ ಹೊಣೆಯನ್ನು ಒಬ್ಬರಿಗೆ ವಹಿಸಿ, ಆ ಮಾತನ್ನು ಗುತ್ತಿಗೆಯಲ್ಲಿಯೇ ಬರೆಸಲಿ.

ಇತಿ ತಮ್ಮ ವಿಶ್ವಾಸಿ,
ವೆಬ್‌ಸೈಟ್ ನಿರ್ವಹಣೆಯಲ್ಲಿರುವ ಓರ್ವ ಓದುಗ