ಸ್ಪೇನ್ ಪ್ರವಾಸ: ಬಸ್ಸಿನ ದಾರಿಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟಗಳಲ್ಲಿ ಸ್ಪೇನ್ ದೇಶದ ಬಗ್ಗೆ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಗ್ರನಾಡಾದ ಅಲ್ಹಂಬ್ರಾ, ಕೊರ್ಡೋಬಾದ ಸಾಲುಕಂಬಗಳ ಮಸೀದಿ, ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಇವುಗಳ ವರ್ಣನೆಗೆ ಅಲ್ಲಿ ಕೊರತೆಯಿಲ್ಲ. ಆದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ಆ ಲೇಖನಗಳು ಅತಿವೇಗದ ರೈಲು ಇಲ್ಲವೇ ಬಾಡಿಗೆ ಕಾರು ಎಂದಷ್ಟೇ ಹೇಳಿ ಮುಂದೆ ಸಾಗುತ್ತವೆ. ಸ್ಪೇನಿನಲ್ಲಿ ಓಡಾಡುವಾಗ ನಾನು ಹೆಚ್ಚಾಗಿ ನೆಚ್ಚಿಕೊಂಡದ್ದು ಅಲ್ಲಿನ ಜನರೇ ದಿನನಿತ್ಯ ಬಳಸುವ ಅಂತರನಗರ ಬಸ್ಸುಗಳನ್ನು. ಅವುಗಳ ಬಗ್ಗೆ ನಮ್ಮ ಓದುಗರಿಗೆ ಸರಿಯಾದ ಮಾಹಿತಿ ಸಿಗಬೇಕೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ರೈಲಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮ್ಯಾಡ್ರಿಡ್ ಮತ್ತು ಸೆವಿಲ್ ನಡುವೆ 1992ರಲ್ಲಿ ಆರಂಭವಾದ ಅತಿವೇಗದ ರೈಲು ಇಂದು ಯುರೋಪಿನಲ್ಲೇ ಅತಿ ಉದ್ದದ ಜಾಲವಾಗಿ ಬೆಳೆದಿದೆ. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಗೆ ಬಸ್ಸಿನಲ್ಲಿ ಏಳೆಂಟು ಗಂಟೆ ಬೇಕಾದರೆ ರೈಲು ಹೆಚ್ಚೆಂದರೆ ಮೂರು ಗಂಟೆ ಆಸುಪಾಸಿನಲ್ಲಿ ತಲುಪಿಸುತ್ತದೆ. 2021ರಿಂದ ಬೇರೆ ಕಂಪನಿಗಳ ರೈಲುಗಳೂ ಆ ಮಾರ್ಗದಲ್ಲಿ ಓಡತೊಡಗಿದ ಮೇಲೆ ದರವೂ ಇಳಿದಿದೆ. ಅಂಥ ಕಡೆ ಬಸ್ಸು ಹತ್ತಿ ಎಂದು ನಾನು ಯಾರಿಗೂ ಹೇಳಲಾರೆ. ತೊಂದರೆ ಇರುವುದು ಬೇರೆಡೆ. ಆ ಜಾಲದ ಮುಖ್ಯ ಮಾರ್ಗಗಳೆಲ್ಲ ಮ್ಯಾಡ್ರಿಡ್‌ನಿಂದಲೇ ಕವಲೊಡೆದು ಹೊರಟಿವೆ. ರಾಜಧಾನಿಗೆ ಹೋಗಿಬರುವವರಿಗೆ ಅದು ವರದಾನ. ಅಡ್ಡಡ್ಡವಾಗಿ, ಒಂದು ಪ್ರಾಂತ್ಯದ ಊರಿನಿಂದ ಪಕ್ಕದ ಪ್ರಾಂತ್ಯದ ಊರಿಗೆ ಹೋಗುವವರಿಗೆ ಎಷ್ಟೋ ಸಲ ರೈಲೇ ಇರುವುದಿಲ್ಲ, ಇದ್ದರೂ ಸುತ್ತಿ ಬಳಸಿ ಹೋಗಬೇಕಾಗುತ್ತದೆ.

ಇದಕ್ಕೆ ಇತಿಹಾಸದ ಕಾರಣವೂ ಇದೆ. ನಷ್ಟದ ಹೆಸರಿನಲ್ಲಿ 1985ರ ಜನವರಿ 1ರಂದು ಅಲ್ಲಿನ ಸರ್ಕಾರ ಹಲವು ರೈಲು ಮಾರ್ಗಗಳಲ್ಲಿ ಪ್ರಯಾಣಿಕರ ಸಂಚಾರವನ್ನು ನಿಲ್ಲಿಸಿತು. ಪಶ್ಚಿಮದಲ್ಲಿ ಪ್ಲಾಸೆನ್ಸಿಯಾದಿಂದ ಸಾಲಮಾಂಕಾ, ಸಮೋರಾಗಳ ಮೂಲಕ ಅಸ್ತೋರ್ಗಾಗೆ ಹೋಗುತ್ತಿದ್ದ ಮಾರ್ಗ ಅಂದು ನಿಂತದ್ದು ಮತ್ತೆ ಆರಂಭವಾಗಲಿಲ್ಲ. ಆಗ್ನೇಯದಲ್ಲಿ ಗ್ರನಾಡಾ ಸೀಮೆಯನ್ನು ಮುರ್ಸಿಯಾ ಸೀಮೆಗೆ ಬೆಸೆಯುತ್ತಿದ್ದ ಗ್ವಾದಿಸ್–ಬಾಸಾ ಮಾರ್ಗದ ಗತಿಯೂ ಅದೇ ಆಯಿತು. ಸೆವಿಲ್‌ನಿಂದ ಹೊರಟು, ರೋಮನ್ ರಂಗಮಂದಿರವಿರುವ ಮೆರಿದಾ, ಕೋಟೆಗೋಡೆಯೊಳಗಿನ ಕಾಸೆರೆಸ್, ಹಳೆಯ ವಿಶ್ವವಿದ್ಯಾಲಯದ ಸಾಲಮಾಂಕಾ ಇವನ್ನೆಲ್ಲ ನೋಡುತ್ತ ಉತ್ತರಕ್ಕೆ ಸಾಗಬಯಸುವ ಪ್ರವಾಸಿಗೆ ಇಂದು ಬಸ್ಸೇ ಸಹಜವಾದ ದಾರಿ. ಉತ್ತರದ ಕರಾವಳಿಯಲ್ಲಂತೂ ಹಳಿ ಇದ್ದರೂ ಬಸ್ಸೇ ಮೇಲು: ಬಿಲ್ಬಾವೊದಿಂದ ಸಾನ್ ಸೆಬಾಸ್ಟಿಯನ್‌ಗೆ ನ್ಯಾರೋಗೇಜ್ ರೈಲು ಎರಡೂವರೆ ಗಂಟೆಯಷ್ಟು ಹೊತ್ತು ತೆಗೆದುಕೊಂಡರೆ ಬಸ್ಸು ಸುಮಾರು ಒಂದೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಈ ಮಾತನ್ನು ಒಂದು ಲೇಖನವೂ ಹೇಳದಿರುವುದು ನನಗೆ ಬೇಸರ ತಂದಿದೆ.

ಬಾಡಿಗೆ ಕಾರನ್ನು ಹೊಗಳುವವರು ಹಳೆಯ ಪೇಟೆಗಳ ಓಣಿಗಳನ್ನು ನೆನಪಿಟ್ಟುಕೊಳ್ಳಬೇಕು. ಗ್ರನಾಡಾದ ಅಲ್ಬೈಸಿನ್‌ನಂಥ ಕಡೆ ಹೊರಗಿನವರ ವಾಹನಕ್ಕೆ ಪ್ರವೇಶವೇ ನಿರ್ಬಂಧಿತ, ಕ್ಯಾಮೆರಾ ಕಣ್ಗಾವಲು ಬೇರೆ. 2021ರ ಹವಾಮಾನ ಕಾನೂನಿನ ಪ್ರಕಾರ 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳೆಲ್ಲ ಹೆಚ್ಚು ಹೊಗೆ ಬಿಡುವ ವಾಹನಗಳಿಗೆ ನಿರ್ಬಂಧವಿರುವ ವಲಯಗಳನ್ನೂ ಗುರುತಿಸಬೇಕಾಗಿದೆ.

ಬಸ್ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಸ್ಪೇನಿನಲ್ಲಿ ಅಂತರನಗರ ಬಸ್ಸುಗಳನ್ನು ಓಡಿಸುವವರು ಬಹುಪಾಲು ಖಾಸಗಿ ಕಂಪನಿಗಳೇ ಆದರೂ ಮಾರ್ಗಗಳು ಸರ್ಕಾರದವು. ಟೆಂಡರಿನಲ್ಲಿ ಗೆದ್ದ ಕಂಪನಿಗೆ ನಿಗದಿತ ಅವಧಿಯವರೆಗೆ ಆ ಮಾರ್ಗದ ಹಕ್ಕು ಸಿಗುತ್ತದೆ. ಪ್ರತಿಯಾಗಿ ಅದು ಮಿತಿ ಮೀರಿ ದರ ಹೇರುವಂತಿಲ್ಲ, ಲಾಭವಿಲ್ಲದಿದ್ದರೂ ದಾರಿಯ ಸಣ್ಣ ಊರುಗಳನ್ನು ಬಿಟ್ಟು ಓಡುವಂತಿಲ್ಲ. ಒಂದಕ್ಕಿಂತ ಹೆಚ್ಚು ಸ್ವಾಯತ್ತ ಪ್ರಾಂತ್ಯಗಳನ್ನು ದಾಟುವ ಮಾರ್ಗಗಳು ಕೇಂದ್ರ ಸಚಿವಾಲಯದ ಅಧೀನ, ಒಂದೇ ಪ್ರಾಂತ್ಯದೊಳಗಿನವು ಆ ಪ್ರಾಂತ್ಯ ಸರ್ಕಾರದ ಅಧೀನ. ಹಾಗಾಗಿ ಒಂದು ಮಾರ್ಗಕ್ಕೆ ಸಾಮಾನ್ಯವಾಗಿ ಒಂದೇ ಕಂಪನಿ ಇರುತ್ತದೆ. ಯಾವ ಕಂಪನಿ ಅಗ್ಗ ಎಂದು ಹುಡುಕುವ ಬದಲು, ಈ ಮಾರ್ಗ ಯಾರದು ಎಂದು ತಿಳಿದು ನೇರವಾಗಿ ಅವರಲ್ಲೇ ಟಿಕೆಟ್ ಕೊಳ್ಳುವುದು ಜಾಣತನ. ಒಂದೇ ಎರಡು ಊರುಗಳ ನಡುವೆ ನೇರ ಬಸ್ಸೂ ಹಳ್ಳಿಹಳ್ಳಿಗೆ ನಿಲ್ಲುವ ಬಸ್ಸೂ ಇರಬಹುದು. ಹೊರಡುವ ಹೊತ್ತನ್ನಷ್ಟೇ ಅಲ್ಲ, ತಲುಪುವ ಹೊತ್ತನ್ನೂ ನೋಡಿಯೇ ಹಣ ಕಟ್ಟಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನಿಲ್ದಾಣದ ವಿಷಯದಲ್ಲಿ. ಮ್ಯಾಡ್ರಿಡ್ ಒಂದರಲ್ಲೇ ಗ್ರನಾಡಾ ಕಡೆಗೆ ಹೋಗುವವರು ಮೆಂಡೆಸ್ ಆಲ್ವಾರೊ ಬಳಿಯ ದಕ್ಷಿಣ ನಿಲ್ದಾಣಕ್ಕೆ, ಬಿಲ್ಬಾವೊ ಕಡೆಯವರು ಅವೆನಿದಾ ದೆ ಅಮೆರಿಕಾಗೆ, ಸೆಗೋವಿಯಾಗೆ ಹೋಗುವವರು ಮೊಂಕ್ಲೋವಾಗೆ, ಟೊಲೆಡೊಗೆ ಹೋಗುವವರು ಪ್ಲಾಸಾ ಎಲಿಪ್ತಿಕಾಗೆ ಬರಬೇಕು. ಎಲ್ಲವೂ ಮೆಟ್ರೊ ಇರುವ ಸ್ಥಳಗಳೇ, ಆದರೆ ಒಂದರಿಂದ ಇನ್ನೊಂದಕ್ಕೆ ಬಹಳ ದೂರ. ಕೊರ್ಡೋಬಾದಲ್ಲಿ ಬಸ್ ನಿಲ್ದಾಣ ರೈಲು ನಿಲ್ದಾಣದ ಎದುರಿಗೇ ಇದೆ. ಗ್ರನಾಡಾದಲ್ಲಿ ಮಾತ್ರ ಊರ ನಡುವಿನಿಂದ ದೂರ, ಹಾಯೆನ್ ರಸ್ತೆಯಲ್ಲಿದೆ. ಇಂಥ ಒಂದೊಂದು ಸಾಲಿನ ಮಾಹಿತಿ ಪ್ರವಾಸಿಯ ಅರ್ಧ ದಿನವನ್ನು ಉಳಿಸುತ್ತದೆ.

ನಿಲ್ದಾಣದೊಳಗಿನ ರೀತಿಯನ್ನೂ ಹೇಳಬೇಕು. ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂಬುದು ಹಲವು ಸಲ ಹೊರಡುವ ಮುನ್ನ ಸ್ವಲ್ಪ ಹೊತ್ತಿಗಷ್ಟೇ ಪರದೆಯ ಮೇಲೆ ಕಾಣುತ್ತದೆ. ಬಸ್ಸು ಬಂದು ನಿಂತೊಡನೆ ಚಾಲಕನೇ ಇಳಿದು ಡಿಕ್ಕಿಯ ಬಾಗಿಲುಗಳನ್ನು ಎತ್ತುತ್ತಾನೆ. ಎಲ್ಲಿಗೆ ಎಂದು ಕೇಳಿ, ಮಧ್ಯದ ಊರಲ್ಲಿ ಇಳಿಯುವವರ ಪೆಟ್ಟಿಗೆಗಳನ್ನು ಒಂದು ಬದಿಗೆ, ಕೊನೆಯವರೆಗೆ ಬರುವವರದ್ದನ್ನು ಇನ್ನೊಂದು ಬದಿಗೆ ಇಡಿಸುತ್ತಾನೆ. ಆಮೇಲೆ ಬಾಗಿಲಲ್ಲಿ ನಿಂತು ಟಿಕೆಟ್ ನೋಡಿ ಒಬ್ಬೊಬ್ಬರನ್ನೇ ಹತ್ತಿಸುತ್ತಾನೆ. ಇಷ್ಟೆಲ್ಲ ಕೆಲಸವನ್ನು ಒಬ್ಬನೇ ಮಾಡಿದರೂ ಹೇಳಿದ ಹೊತ್ತಿಗೆ ಸರಿಯಾಗಿ ಬಸ್ಸನ್ನು ಹಿಂದಕ್ಕೆ ತೆಗೆಯುವುದನ್ನು ಕಂಡು ನನಗೆ ಆ ವೃತ್ತಿಯವರ ಮೇಲೆ ಗೌರವ ಹೆಚ್ಚಿತು. ಸೀಟ್ ಬೆಲ್ಟ್ ಕಟ್ಟಿಕೊಳ್ಳುವುದು ಪ್ರಯಾಣಿಕರಿಗೂ ಕಡ್ಡಾಯ.

ದೂರದ ಬಸ್ಸುಗಳು ನಡುವೆ ಒಂದು ಕಡೆ ನಿಲ್ಲುವುದು ಕೇವಲ ಊಟತಿಂಡಿಗಾಗಿ ಅಲ್ಲ. ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು ಅಥವಾ ಅದನ್ನು 15 ಮತ್ತು 30 ನಿಮಿಷಗಳಾಗಿ ಒಡೆದುಕೊಳ್ಳಬೇಕು ಎಂಬುದು ಐರೋಪ್ಯ ಒಕ್ಕೂಟದ ನಿಯಮ. ಮ್ಯಾಡ್ರಿಡ್‌ನಿಂದ ಗ್ರನಾಡಾಗೆ ಐದು ಗಂಟೆಯ ಹಾದಿಯಲ್ಲಿ ಲಾ ಮಾಂಚಾದ ಬಯಲು ಮುಗಿದು ದೆಸ್ಪೆನ್ಯಪೆರೋಸ್ ಕಣಿವೆ ಎದುರಾಗುತ್ತದೆ. ಅದನ್ನು ದಾಟಿದ ಮೇಲೆ ಹಾಯೆನ್ ಪ್ರಾಂತ್ಯದ ಆಲಿವ್ ತೋಪುಗಳು ದಿಗಂತದವರೆಗೂ ಸಾಲುಗಟ್ಟಿ ನಿಂತಿರುತ್ತವೆ. ಜಗತ್ತಿನಲ್ಲೇ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ದೇಶ ಇದು ಎಂಬ ಮಾತನ್ನು ಓದಿದ್ದೆನಾದರೂ, ಗಂಟೆಗಟ್ಟಲೆ ಬೇರೆ ಬೆಳೆಯೇ ಕಾಣದೆ ಸಾಗಿದಾಗ ಅದರ ಅರ್ಥ ಮನಸ್ಸಿಗೆ ನಾಟಿತು.

ಭಾನುವಾರ ಮತ್ತು ಹಬ್ಬದ ದಿನಗಳ ಬಗ್ಗೆ ಪ್ರವಾಸಿಗರನ್ನು ಎಚ್ಚರಿಸಲೇಬೇಕು. ವಾರದ ದಿನಗಳ ವೇಳಾಪಟ್ಟಿಯೇ ಬೇರೆ, ಭಾನುವಾರದ್ದೇ ಬೇರೆ. ಗ್ರನಾಡಾದಿಂದ ಆಲ್ಪುಹಾರಾ ಬೆಟ್ಟಗಳ ಪಾಂಪನೇರಾ, ಕಾಪಿಲೇರಾ ಮುಂತಾದ ಬಿಳಿ ಹಳ್ಳಿಗಳಿಗೆ ದಿನಕ್ಕೆ ಕೆಲವೇ ಬಸ್ಸುಗಳಿರುವುದರಿಂದ ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ತಿಳಿದುಕೊಂಡು ಬೆಟ್ಟ ಹತ್ತುವುದು ಒಳ್ಳೆಯದು. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಸೆವಿಲ್ ಕಡೆಗೆ, ಡಿಸೆಂಬರ್ 6 ಮತ್ತು 8ರ ರಜೆಗಳು ಒಟ್ಟಾಗಿ ಬರುವಾಗ ಎಲ್ಲ ಕಡೆಗೂ ಜನಜಂಗುಳಿ ಇರುತ್ತದೆ. ಉಳಿದ ದಿನಗಳಲ್ಲಿ ಮ್ಯಾಡ್ರಿಡ್–ಟೊಲೆಡೊದಂಥ ಹತ್ತಿರದ ಊರಿಗೆ ಹತ್ತು ಯೂರೊ ಒಳಗೇ ಆರಾಮವಾಗಿ ಹೋಗಬಹುದು.

ಕೊನೆಯದಾಗಿ ಪ್ರಯಾಣಿಕರ ಹಕ್ಕುಗಳ ವಿಚಾರ. ಒಂದು ದೂರದ ಮಾರ್ಗದಲ್ಲಿ ನಾನು ಹತ್ತಬೇಕಿದ್ದ ಬಸ್ಸು ಎರಡು ಗಂಟೆಗೂ ಮೀರಿ ತಡವಾದಾಗ ಕೌಂಟರಿನಲ್ಲಿದ್ದವರು ಕಾಯಿರಿ ಎಂಬ ಒಂದೇ ಮಾತು ಹೇಳುತ್ತಿದ್ದರು. ಹಣ ವಾಪಸ್ ಕೇಳಬಹುದೆಂದು ಅಲ್ಲಿದ್ದ ಹೆಚ್ಚಿನ ವಿದೇಶಿಯರಿಗೆ ತಿಳಿದೇ ಇರಲಿಲ್ಲ. 2013ರ ಮಾರ್ಚ್‌ನಿಂದ ಜಾರಿಯಲ್ಲಿರುವ ಐರೋಪ್ಯ ನಿಯಮದಂತೆ, 250 ಕಿಲೋಮೀಟರಿಗೆ ಕಡಿಮೆಯಿಲ್ಲದ ಮಾರ್ಗದ ಬಸ್ಸು ರದ್ದಾದರೆ ಅಥವಾ ನಿಲ್ದಾಣದಿಂದ ಹೊರಡುವುದು 120 ನಿಮಿಷಕ್ಕಿಂತ ತಡವಾದರೆ ಕಂಪನಿಯು ಬದಲಿ ಪ್ರಯಾಣ ಇಲ್ಲವೇ ಪೂರ್ಣ ಹಣ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಬೇಕು. ಹಾಗೆ ಬಿಡದಿದ್ದರೆ ಟಿಕೆಟ್ ಹಣದ ಜೊತೆಗೆ ಅದರ ಅರ್ಧದಷ್ಟನ್ನು ಪರಿಹಾರವಾಗಿ ಕೊಡಬೇಕು. ಮೂರು ಗಂಟೆಗೂ ಹೆಚ್ಚಿನ ಪ್ರಯಾಣವಾಗಿದ್ದು ಹೊರಡುವುದು 90 ನಿಮಿಷ ಮೀರಿದರೆ ತಿಂಡಿ ಅಥವಾ ಊಟದ ವ್ಯವಸ್ಥೆಯೂ ಅವರದ್ದೇ. ದೂರು ಕೊಡಲು ಮೂರು ತಿಂಗಳ ಕಾಲಾವಕಾಶವಿದೆ. ದೂರಿನ ಅಧಿಕೃತ ನಮೂನೆಯನ್ನು ಕೌಂಟರಿನಲ್ಲೇ ಕೇಳಿ ಪಡೆಯಬಹುದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಮುಂದೆ ಸ್ಪೇನಿನ ಯಾವುದೇ ಊರಿನ ಬಗ್ಗೆ ಲೇಖನ ಪ್ರಕಟಿಸುವಾಗ ಅದರ ಕೊನೆಯಲ್ಲಿ ಹಾಕುವ ‘ತಲುಪುವುದು ಹೇಗೆ’ ಎಂಬ ಭಾಗದಲ್ಲಿ ಬಸ್ ನಿಲ್ದಾಣದ ಹೆಸರು, ಮಾರ್ಗ ನಡೆಸುವ ಕಂಪನಿ, ಪ್ರಯಾಣಕ್ಕೆ ಹಿಡಿಯುವ ಸಮಯ ಮತ್ತು ಭಾನುವಾರ ಬಸ್ಸುಗಳಿವೆಯೇ ಎಂಬುದನ್ನೂ ದಯವಿಟ್ಟು ಸೇರಿಸಿ.

ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗ