ಮಕ್ಕಳ ಪಾಠದ ಸೌಂಡ್ ಹೆಡ್‌ಮಾಸ್ಟರ್ ರೂಮಿನಲ್ಲಿ ಬಂತು

ಸಂಪಾದಕರೇ, ನಮಸ್ಕಾರ.

ಸರ್ಕಾರಿ ಶಾಲೆಯ ಕಂಪ್ಯೂಟರ್ ಲ್ಯಾಬ್‌ಗೆ ಬೀಗ ಬಿದ್ದಿದೆ, ಕರೆಂಟ್ ಇಲ್ಲ, ಕಲಿಸುವವರಿಲ್ಲ ಅಂತ ಓದುಗರು ಬರೆಯುವ ಪತ್ರಗಳನ್ನು ನಿಮ್ಮ ಪತ್ರಿಕೆಯಲ್ಲಿ ಓದುತ್ತಿರುತ್ತೇನೆ. ನಮ್ಮ ಶಾಲೆಯದು ಹಾಗಲ್ಲ. ಲ್ಯಾಬ್ ದಿನಾ ತೆರೆಯುತ್ತದೆ, 12 ಕಂಪ್ಯೂಟರ್‌ಗಳೂ ಆನ್ ಆಗುತ್ತವೆ, ಮಕ್ಕಳು ಟೈಪ್ ಮಾಡುತ್ತಾರೆ, ಚಿತ್ರ ಬಿಡಿಸುತ್ತಾರೆ. ಆದರೆ ಒಂದೂವರೆ ವರ್ಷ ಆ ಹನ್ನೆರಡರಲ್ಲಿ ಒಂದರಿಂದಲೂ ಸೌಂಡ್ ಬರಲಿಲ್ಲ. ಇದನ್ನು ಯಾರಿಗೆ ಹೇಳಿದರೂ, ಅಯ್ಯೋ ಅಷ್ಟೇನಾ ಮೇಡಂ, ಪರದೆ ಬರ್ತಿದೆಯಲ್ಲ ಸಾಕು ಬಿಡಿ ಅನ್ನುತ್ತಿದ್ದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಇಂಗ್ಲಿಷ್ ಪಾಠ ಮಾಡುವವಳು. ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಕಷ್ಟ ಆಗುವುದು ಅದನ್ನು ಓದುವುದಕ್ಕಿಂತ ಜಾಸ್ತಿ ಕಿವಿಗೆ ಬೀಳದೇ ಇರುವುದರಿಂದ. ಮನೆಯಲ್ಲಿ ಆ ಭಾಷೆ ಇಲ್ಲ, ಬೀದಿಯಲ್ಲಿ ಇಲ್ಲ, ತರಗತಿಯಲ್ಲಿ ನಾನೊಬ್ಬಳು ಮಾತಾಡಿದರೆ ಎಷ್ಟು ಅಂತ ಮಾತಾಡಲಿ? ಒಬ್ಬೊಬ್ಬರೇ ಹೆಡ್‌ಫೋನ್ ಹಾಕಿಕೊಂಡು, ಗೊತ್ತಾಗದ ಪದವನ್ನು ನಾಲ್ಕು ಸಲ ವಾಪಸ್ ಹಾಕಿ ಕೇಳಲಿ ಅನ್ನುವುದೇ ನನಗೆ ಲ್ಯಾಬ್‌ನಿಂದ ಬೇಕಾಗಿದ್ದ ದೊಡ್ಡ ಕೆಲಸ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ನಮ್ಮ ಒಂಬತ್ತನೇ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಉಳಿದವರೆಲ್ಲ ಲ್ಯಾಬ್‌ಗೆ ಓಡಿದರೆ ಅವಳು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ದಿನ ಕೇಳಿದಳು, "ನಮ್ಮಣ್ಣನ ಮೊಬೈಲ್ ಮಾತಾಡುತ್ತೆ ಮಿಸ್, ಇದ್ಯಾಕೆ ಮಾತಾಡಲ್ಲ?"

ಅವತ್ತಿನಿಂದ ನಾನು ಇದರ ಹಿಂದೆ ಬಿದ್ದೆ.

ನಮ್ಮಲ್ಲಿರುವುದು ಥಿನ್ ಕ್ಲೈಂಟ್ ಲ್ಯಾಬ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಕ್ಕಳ ಮುಂದಿರುವ ಪೆಟ್ಟಿಗೆಗಳಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಅವು ನೆಟ್‌ವರ್ಕ್ ವೈರ್ ಮೂಲಕ ಒಂದೇ ಒಂದು ಸರ್ವರ್‌ನಿಂದ ಶುರುವಾಗುತ್ತವೆ, ಪ್ರೋಗ್ರಾಂಗಳು ಓಡುವುದೂ ಆ ಸರ್ವರ್‌ನಲ್ಲೇ. ಮದುವೆ ಮನೆ ಇದ್ದಂತೆ, ಅಡುಗೆ ಒಂದೇ ಕಡೆ, ಎಲೆ ಮಾತ್ರ ಎಲ್ಲರ ಮುಂದೆ. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಇದೆಯಲ್ಲ, ಇದಕ್ಕೆ ಬಳಸುವ ಎಲ್‌ಟಿಎಸ್‌ಪಿ ಎಂಬ ಅದರ ತಂತ್ರಾಂಶವನ್ನು 1999ರಲ್ಲಿ ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಶುರು ಮಾಡಿದರು, ಪ್ರಪಂಚದ ಎಷ್ಟೋ ಬಡ ಶಾಲೆಗಳು ಅದರಿಂದ ಹಳೇ ಕಂಪ್ಯೂಟರ್‌ಗಳಿಗೆ ಮತ್ತೆ ಜೀವ ಕೊಟ್ಟಿವೆ. ಒಳ್ಳೆಯ ವ್ಯವಸ್ಥೆ. ಒಂದು ಕಂಪ್ಯೂಟರ್ ಸರಿಯಾಗಿಟ್ಟುಕೊಂಡರೆ ಹನ್ನೆರಡೂ ಸರಿಯಿರುತ್ತವೆ, ವೈರಸ್ ಕಾಟವೂ ಕಮ್ಮಿ. ನನ್ನ ದೂರು ಅದರ ಮೇಲಲ್ಲ.

ಲ್ಯಾಬ್ ಹಾಕಿಕೊಟ್ಟವರ ಕಡೆಯಿಂದ ಒಬ್ಬ ಹುಡುಗ ಬಂದ. ಹೆಡ್‌ಫೋನ್ ಸರಿಯಿಲ್ಲ ಅಂದ. ಹಳೆಯ ವಿದ್ಯಾರ್ಥಿಗಳ ಹತ್ತಿರ ದುಡ್ಡು ಕೂಡಿಸಿ 12 ಹೊಸ ಹೆಡ್‌ಫೋನ್ ತಂದೆವು. ಸೌಂಡ್ ಬರಲಿಲ್ಲ. ಎರಡು ತಿಂಗಳು ಫೋನ್ ಮಾಡಿದ ಮೇಲೆ ಮತ್ತೆ ಬಂದ. ಸರ್ವರ್‌ನಲ್ಲಿ ಏನೋ ಬದಲಾಯಿಸಿ, ಈಗ ಬರುತ್ತೆ ಮೇಡಂ ಅಂತ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ಮಾರನೇ ದಿನ ಮೂರನೇ ಪಿರಿಯಡ್‌ನಲ್ಲಿ ಮಕ್ಕಳು ಇಂಗ್ಲಿಷ್ ಪದ್ಯ ಹಾಕಿದರು. ಹೆಡ್‌ಫೋನ್‌ನಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಅಟೆಂಡರ್ ಓಡಿ ಬಂದರು. ಸರ್ವರ್ ಇರುವುದು ಹೆಡ್‌ಮಾಸ್ಟರ್ ರೂಮಿನಲ್ಲಿ, ಯಾಕೆಂದರೆ ಲ್ಯಾಬ್‌ನ ಕಿಟಕಿಗೆ ಸರಳಿಲ್ಲ. ಅಲ್ಲಿ ಅವರು ಪೋಷಕರ ಜೊತೆ ಮಾತಾಡುತ್ತಿರುವಾಗ ಸರ್ವರ್‌ನ ಸ್ಪೀಕರ್‌ನಿಂದ ಹನ್ನೆರಡು ಮಕ್ಕಳ ಪದ್ಯವೂ ಒಂದರ ಮೇಲೊಂದು ಬಿದ್ದು ಹೊರಗೆ ಬರುತ್ತಿತ್ತು.

ಹೆಡ್‌ಮಾಸ್ಟರ್ ಬೇಜಾರು ಮಾಡಿಕೊಂಡರು, ಅದು ಸಹಜ. ನನಗೆ ಮಾತ್ರ ಅವತ್ತು ಮೊದಲ ಸಲ ವಿಷಯ ಅರ್ಥವಾಯಿತು. ಸೌಂಡ್ ಇದೆ. ಅದು ಹೋಗುತ್ತಿರುವ ಜಾಗ ತಪ್ಪು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಲಿನಕ್ಸ್ ಸರ್ವರ್‌ಗಳ ಕೆಲಸದಲ್ಲಿದ್ದಾನೆ. ಗೌರಿ ಹಬ್ಬಕ್ಕೆ ಊರಿಗೆ ಬಂದವನನ್ನು ಲ್ಯಾಬ್‌ಗೆ ಕರೆದುಕೊಂಡು ಹೋದೆ. ಅವನು ಹೇಳಿದ್ದು ಇಷ್ಟೇ, "ದೊಡ್ಡಮ್ಮ, ಸೌಂಡ್ ಎಲ್ಲಿಗೆ ಹೋಗ್ತಿದೆ ಅಂತ ಮೊದಲು ನೋಡೋಣ. ಯಾಕೆ ಬರ್ತಿಲ್ಲ ಅನ್ನೋದು ಆಮೇಲೆ." ಎರಡು ದಿನ ಅವನ ಪಕ್ಕದಲ್ಲೇ ಕೂತು ನೋಟ್ಸ್ ಬರೆದುಕೊಂಡೆ. ಬೇರೆ ಶಾಲೆಯವರಿಗೂ ಉಪಯೋಗ ಆಗಲಿ ಅಂತ ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮಕ್ಕಳ ಸೀಟಿನಲ್ಲಿ ಕೂತು ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆದು ಸೌಂಡ್ ಕಾರ್ಡ್ ಪಟ್ಟಿ ಕೇಳಿದರೆ ಏನು ಬರುತ್ತದೆ ಗೊತ್ತಾ? ಸರ್ವರ್‌ನ ಕಾರ್ಡ್! ಆ ಟರ್ಮಿನಲ್ಲೂ ಓಡುತ್ತಿರುವುದು ಸರ್ವರ್‌ನಲ್ಲೇ ತಾನೆ? ಲ್ಯಾಬ್ ಹಾಕಿಕೊಟ್ಟವರ ಹುಡುಗ ಎರಡು ಸಲವೂ ಮೋಸ ಹೋಗಿದ್ದು ಇಲ್ಲೇ ಇರಬೇಕು. ಮುಂದಿರುವ ಪೆಟ್ಟಿಗೆಯನ್ನೇ ನೋಡುತ್ತಿದ್ದೇನೆ ಅಂದುಕೊಂಡು ಅವನು ದೂರದ ಸರ್ವರ್ ನೋಡುತ್ತಿದ್ದ. ಪೆಟ್ಟಿಗೆಯನ್ನೇ ನೋಡಬೇಕಾದರೆ ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲಿ ಎರಡನೇ ಸ್ಕ್ರೀನ್‌ಗೆ ಶೆಲ್ (ಆಜ್ಞೆ ಟೈಪ್ ಮಾಡುವ ಪರದೆ) ಕೊಡಿ ಅಂತ ಒಂದು ಸಾಲು ಬರೆದು, ಪೆಟ್ಟಿಗೆಯನ್ನು ಮತ್ತೆ ಆನ್ ಮಾಡಿ, ಕಂಟ್ರೋಲ್, ಆಲ್ಟ್, ಎಫ್2 ಒತ್ತಬೇಕು. ಆಗ ಬರುವ ಕಪ್ಪು ಪರದೆ ಆ ಪೆಟ್ಟಿಗೆಯದೇ.

ಅಲ್ಲಿ ನೋಡಿದರೆ ನಮ್ಮ ಹನ್ನೆರಡರಲ್ಲಿ ಸ್ವಲ್ಪ ಹೊಸದಾದ 7 ಪೆಟ್ಟಿಗೆಗಳಲ್ಲಿ ಎರಡೆರಡು ಕಾರ್ಡ್ ಇದ್ದವು. ಮೊದಲನೆಯದು ಎಚ್‌ಡಿಎಂಐ, ಅಂದರೆ ಮಾನಿಟರ್‌ಗೆ ಹೋಗುವ ಸೌಂಡ್. ನಮ್ಮ ಮಾನಿಟರ್‌ಗಳಲ್ಲಿ ಸ್ಪೀಕರ್ ಇಲ್ಲ. ಹೆಡ್‌ಫೋನ್ ಚುಚ್ಚುವ ಹಸಿರು ತೂತು ಎರಡನೇ ಕಾರ್ಡಿನದು. ತಂಗಿಯ ಮಗ ಅದನ್ನು ಮೊದಲನೆಯದಾಗಿ ಮಾಡಿದ. ಉಳಿದ 5 ಹಳೆಯ ಪೆಟ್ಟಿಗೆಗಳಲ್ಲಿ ಕಾರ್ಡ್ ಸರಿಯಿತ್ತು, ಆದರೆ ಮ್ಯೂಟ್ ಆಗಿ ಕೂತಿತ್ತು. ಆಲ್ಸಾಮಿಕ್ಸರ್ ಅಂತ ಒಂದು ಪ್ರೋಗ್ರಾಂ ಇದೆ, ಅದನ್ನು ತೆರೆದರೆ ವಾಲ್ಯೂಮ್ ಕಂಬಗಳು ಕಾಣಿಸುತ್ತವೆ. ಕಂಬದ ಬುಡದಲ್ಲಿ ಎರಡು ಎಂ ಇದ್ದರೆ ಬಾಯಿ ಮುಚ್ಚಿದೆ ಅಂತ ಅರ್ಥ. ಕೀಬೋರ್ಡಿನ ಎಂ ಒತ್ತಿದರೆ ಅವು ಎರಡು ಸೊನ್ನೆಗಳಾಗುತ್ತವೆ. ಅಷ್ಟೇ.

ಖುಷಿಯಾಗಿ ಮನೆಗೆ ಬಂದೆವು. ಮಾರನೇ ಬೆಳಿಗ್ಗೆ ಆನ್ ಮಾಡಿದರೆ ಐದೂ ಮತ್ತೆ ಮ್ಯೂಟ್. ಪೆಟ್ಟಿಗೆಯಲ್ಲಿ ಡಿಸ್ಕ್ ಇಲ್ಲವಲ್ಲ, ಮಾಡಿದ ಬದಲಾವಣೆಯೆಲ್ಲ ಮೆಮೊರಿಯಲ್ಲಿರುತ್ತದೆ, ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಥಿನ್ ಕ್ಲೈಂಟ್ ಇರುವ ಶಾಲೆಯವರು ಇದನ್ನು ನೆನಪಿಡಬೇಕು. ರಿಪೇರಿಗೆ ಬಂದವರು ಸರಿ ಮಾಡಿ ತೋರಿಸುತ್ತಾರೆ, ನಾವು ಸಹಿ ಹಾಕುತ್ತೇವೆ, ಮಾರನೇ ದಿನ ಮೊದಲಿನ ಹಾಗೇ. ಯಾರೂ ಸುಳ್ಳು ಹೇಳಿರುವುದಿಲ್ಲ. ವಾಲ್ಯೂಮ್ ಎಷ್ಟಿರಬೇಕು ಎಂಬುದನ್ನು ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲೇ ಬರೆದಿಟ್ಟರೆ ಮಾತ್ರ ಅದು ನಿಲ್ಲುತ್ತದೆ. ನಾವು 80 ಅಂತ ಹಾಕಿದ್ದೇವೆ.

ಇನ್ನು ಹೆಡ್‌ಮಾಸ್ಟರ್ ರೂಮಿನ ಕಥೆ. ಪ್ರತಿ ಪೆಟ್ಟಿಗೆಯಲ್ಲೂ ಪಲ್ಸ್‌ಆಡಿಯೊ ಎಂಬ ಪ್ರೋಗ್ರಾಂ 4713 ಎಂಬ ನಂಬರಿನ ಬಾಗಿಲಲ್ಲಿ ಸೌಂಡ್‌ಗಾಗಿ ಕಾಯುತ್ತಿರುತ್ತದೆ. ಮಗು ಲಾಗಿನ್ ಆದಾಗ, ಈ ಮಗುವಿನ ಸೌಂಡನ್ನು ಇಂಥ ಪೆಟ್ಟಿಗೆಗೆ ಕಳಿಸು ಅಂತ ಸರ್ವರ್‌ಗೆ ವಿಳಾಸ ಸಿಗಬೇಕು. ಆ ಹುಡುಗ ಬದಲಾಯಿಸಿದ ಫೈಲಿನಲ್ಲಿ ಎಲ್ಲರ ವಿಳಾಸವೂ ಸರ್ವರ್‌ದೇ ಆಗಿತ್ತು, ಜೊತೆಗೆ ಸರ್ವರ್‌ನ ಸೌಂಡ್ ಕಾರ್ಡ್ ಬಳಸಲು ಎಲ್ಲ ಮಕ್ಕಳಿಗೂ ಅನುಮತಿ ಕೊಟ್ಟಿದ್ದ. ಎರಡನ್ನೂ ತೆಗೆದುಹಾಕಿದ ಮೇಲೆ ಅವರವರ ಸೌಂಡ್ ಅವರವರ ಕಿವಿಗೆ ಬಂತು. ನಮ್ಮ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ವಿಂಡೋಸ್ ಸರ್ವರ್ ಇದೆ. ಅಲ್ಲೂ ಪ್ರಶ್ನೆ ಇದೇ. ದೂರದ ಸರ್ವರ್‌ನ ಪರದೆ ತೋರಿಸುವ ರಿಮೋಟ್ ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲಿ ಆಡಿಯೊ ಈ ಕಂಪ್ಯೂಟರ್‌ನಲ್ಲಿ ಬರಲಿ ಅಂತ ಇದೆಯಾ, ಸರ್ವರ್‌ನಲ್ಲಿ ಆಡಿಯೊ ಸರ್ವಿಸ್ ಆನ್ ಇದೆಯಾ, ಇವೆರಡನ್ನು ಮೊದಲು ನೋಡಿ.

ಆಮೇಲೆ ಸೌಂಡ್ ತುಂಡು ತುಂಡಾಗಿ ಬರತೊಡಗಿತು. ಇದಕ್ಕೆ ಲೆಕ್ಕ ಹಾಕಿದೆವು, ನಮ್ಮ ಗಣಿತದ ಮೇಷ್ಟ್ರೂ ಜೊತೆಗೆ ಕೂತರು. ಸಿಡಿ ಗುಣಮಟ್ಟದ ಸೌಂಡ್ ಅಂದರೆ ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್, ಎರಡು ಕಿವಿಗೆ ಎರಡರಷ್ಟು. ಒಟ್ಟು ಸುಮಾರು 1.4 ಮೆಗಾಬಿಟ್. 12 ಸೀಟಿಗೆ 17 ಮೆಗಾಬಿಟ್. ನೆಟ್‌ವರ್ಕ್ ವೈರ್‌ಗಳೆಲ್ಲ ಬಂದು ಸೇರುವ ನಮ್ಮ ಹಳೇ ಸ್ವಿಚ್ 100 ಮೆಗಾಬಿಟ್‌ನದು, ಆರಾಮಾಗಿ ಸಾಕು. ಮತ್ತೆ ಯಾಕೆ ಉಸಿರು ಕಟ್ಟುತ್ತಿದೆ? ಮಕ್ಕಳು ಪಾಠವನ್ನು ವಿಡಿಯೊ ಆಗಿ ನೋಡುತ್ತಿದ್ದರು. ಸರ್ವರ್ ಆ ವಿಡಿಯೊವನ್ನು ಬಿಚ್ಚಿ ಒಂದೊಂದು ಚಿತ್ರವನ್ನೂ ವೈರಿನಲ್ಲಿ ಕಳಿಸಬೇಕು. 640ಕ್ಕೆ 480ರ ಸಣ್ಣ ವಿಡಿಯೊ ಕೂಡ, ಸೆಕೆಂಡಿಗೆ 25 ಚಿತ್ರ ಅಂದರೆ, ಹಾಗೇ ಕಳಿಸಿದಾಗ 184 ಮೆಗಾಬಿಟ್ ದಾಟುತ್ತದೆ. ಅದೂ ಒಂದೇ ಸೀಟಿಗೆ! ಆ ನೂಕುನುಗ್ಗಲಿನಲ್ಲಿ ಪಾಪ ಸೌಂಡ್‌ಗೆ ದಾರಿ ಎಲ್ಲಿ ಸಿಗಬೇಕು.

ಹಾಗಾಗಿ ಆ ಹೊಸ 7 ಪೆಟ್ಟಿಗೆಗಳಲ್ಲಿ ಪ್ರೋಗ್ರಾಂಗಳು ಅಲ್ಲೇ ಓಡುವಂತೆ ಮಾಡಿದೆವು. ಶುರುವಾಗುವುದು ಈಗಲೂ ಸರ್ವರ್‌ನಿಂದಲೇ, ಆದರೆ ಅಡುಗೆ ಅವರವರ ಸೀಟಿನಲ್ಲೇ. ಇದನ್ನು ಫ್ಯಾಟ್ ಕ್ಲೈಂಟ್ ಅನ್ನುತ್ತಾರೆ. ಅವುಗಳಲ್ಲಿ 2 ಜಿಬಿ ಮೆಮೊರಿ ಇದ್ದಿದ್ದರಿಂದ ಆಯಿತು. ಹಳೆಯ ಐದರಲ್ಲಿ ವಿಡಿಯೊ ಬಿಟ್ಟು ಬರೀ ಆಡಿಯೊ ಪಾಠ ಕೇಳಿಸುತ್ತೇವೆ.

ಆ ಹುಡುಗಿಗೆ ಹೊಸ ಪೆಟ್ಟಿಗೆಗಳಲ್ಲೇ ಒಂದನ್ನು ಕೊಟ್ಟಿದ್ದೇವೆ. ಲಿನಕ್ಸ್‌ನಲ್ಲಿ ಆರ್ಕಾ ಎಂಬ ಪರದೆ ಓದುವ ತಂತ್ರಾಂಶ ಇದೆ, ಅದರ ಜೊತೆ ಇರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ಎರಡೂ ಉಚಿತ. ಮೊದಲು ಹಳೇ ಪೆಟ್ಟಿಗೆಯಲ್ಲಿ ಹಾಕಿ ನೋಡಿದ್ದೆವು. ಅಲ್ಲಿ ಕೀ ಒತ್ತಿದ ಮೇಲೆ ಅಕ್ಷರದ ಹೆಸರು ತಡವಾಗಿ ಬರುತ್ತಿತ್ತು, ಅವಳು ಅಷ್ಟರಲ್ಲಿ ಮುಂದಿನ ಕೀ ಒತ್ತಿಬಿಡುತ್ತಿದ್ದಳು, ಗೊಂದಲವಾಗುತ್ತಿತ್ತು. ಕಣ್ಣಿರುವವರಿಗೆ ಅರ್ಧ ಸೆಕೆಂಡ್ ಲೆಕ್ಕಕ್ಕಿಲ್ಲ, ಅವಳಿಗೆ ಆ ಅರ್ಧ ಸೆಕೆಂಡೇ ಎಲ್ಲ. ಹೊಸದರಲ್ಲಿ ಕೀ ಒತ್ತಿದ ಕೂಡಲೇ ಮಾತು ಬರುತ್ತದೆ. ಇ-ಸ್ಪೀಕ್ ದನಿ ಯಂತ್ರದ ದನಿಯೇ, ಇಂಪಾಗಿಲ್ಲ, ಆದರೂ ಅವಳು ಈಗ ತನ್ನ ಹೆಸರು, ಊರು, ಒಂದು ಪುಟ ಪ್ರಬಂಧ ತಾನೇ ಟೈಪ್ ಮಾಡಿದ್ದಾಳೆ.

ಇಲಾಖೆಯವರಲ್ಲಿ ನನ್ನ ವಿನಂತಿ ಇದು. ಲ್ಯಾಬ್ ವಹಿಸಿಕೊಳ್ಳುವಾಗ ನಾವು ಸಹಿ ಹಾಕಿದ ಹಾಳೆಯಲ್ಲಿ ಮಾನಿಟರ್ ಎಷ್ಟು, ಕೀಬೋರ್ಡ್ ಎಷ್ಟು, ಯುಪಿಎಸ್ ಬ್ಯಾಟರಿ ಎಷ್ಟು ಎಲ್ಲ ಇತ್ತು. ಸೌಂಡ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಾಲು ಬರಬೇಕು. ಪ್ರತಿ ಸೀಟಿನಲ್ಲೂ, ಹಾಕಿಕೊಟ್ಟವರ ಲಾಗಿನ್‌ನಿಂದಲ್ಲ, ಒಬ್ಬ ವಿದ್ಯಾರ್ಥಿಯ ಲಾಗಿನ್‌ನಿಂದ ಹೆಡ್‌ಫೋನ್ ಹಾಕಿ ಕೇಳಬೇಕು, ಎಲ್ಲವನ್ನೂ ಆಫ್ ಮಾಡಿ ಮತ್ತೆ ಆನ್ ಮಾಡಿ ಇನ್ನೊಂದು ಸಲ ಕೇಳಬೇಕು, ಆಮೇಲೆ ಸಹಿ. ಅರ್ಧ ದಿನದ ಕೆಲಸ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇಂಥ ಮಕ್ಕಳಿಗೂ ಉಳಿದವರ ಜೊತೆಯಲ್ಲೇ ಕಲಿಯುವ ಅವಕಾಶ ಕೊಡಬೇಕು ಅನ್ನುತ್ತದೆ. ಸೌಂಡ್ ಇಲ್ಲದ ಲ್ಯಾಬ್‌ನಲ್ಲಿ ಆ ಹುಡುಗಿ ಏನು ಕಲಿಯಬೇಕಿತ್ತು?

ಪಕ್ಕದ ಕೇರಳದಲ್ಲಿ 2018ರಿಂದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಅಂತ ಮಕ್ಕಳ ಗುಂಪುಗಳಿವೆ, ಹಾರ್ಡ್‌ವೇರ್ ಕೆಲಸವನ್ನೂ ಅವರಿಗೆ ಕಲಿಸುತ್ತಾರೆ. ನಮ್ಮಲ್ಲೂ ಯಾಕಾಗಬಾರದು? ನಮ್ಮ ಹತ್ತನೇ ತರಗತಿಯ ಮೂವರಿಗೆ ನಾನು ನನ್ನ ನೋಟ್ಸ್ ಕೊಟ್ಟೆ, ಈಗ ಮ್ಯೂಟ್ ತೆಗೆಯುವುದು, ಕಾರ್ಡ್ ನೋಡುವುದು ಎಲ್ಲ ಅವರದೇ. ಅದೇ ನೋಟ್ಸನ್ನು ಕನ್ನಡದಲ್ಲಿ ಶುದ್ಧ ಪ್ರತಿ ಮಾಡಿ ಲ್ಯಾಬ್‌ನ ಬೀರು ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇವೆ. ಬೇಕಾದ ಶಾಲೆಯವರು ಶನಿವಾರ ಬಂದು ಫೋಟೊ ತೆಗೆದುಕೊಂಡು ಹೋಗಬಹುದು. ಸದ್ಯಕ್ಕೆ 11 ಸೀಟಿನಲ್ಲಿ ಸೌಂಡ್ ಬರುತ್ತಿದೆ. ಉಳಿದ ಒಂದರ ಹೆಡ್‌ಫೋನ್ ತೂತೇ ಮುರಿದಿದೆ, ಅದಕ್ಕೊಂದು ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಲು ಹೇಳಿದ್ದೇವೆ.

ಇಂತಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ,
ಹಾಸನ ಜಿಲ್ಲೆ