ಮಗಳಿಗೊಂದು ಪತ್ರ: ನನ್ನ ಪರವಾಗಿ ಸಾರಿ ಕೇಳಬೇಡ

ಪುಟ್ಟೀ,

ತೋಟದ ಕೂಲಿಯವರಿಗೆ ಸೈಟ್ ಕೊಡಿ ಅಂತ ನಾನು ಮಾಡಿದ ಭಾಷಣದ ವಿಡಿಯೋವನ್ನು ಗಂಡಿನ ಕಡೆಯವರು ನೋಡಿದ್ದಕ್ಕೆ ನೀನು "ಅಮ್ಮ ಸ್ವಲ್ಪ ಜೋರು, ತಪ್ಪು ತಿಳ್ಕೋಬೇಡಿ" ಅಂದೆಯಂತೆ. ಜೋರು ಅಂದಿದ್ದು ಸರಿ. ಉಳಿದಿದ್ದು ಬೇಡವಾಗಿತ್ತು. ಅವರು ಏನು ಬೇಕಾದರೂ ತಿಳಿದುಕೊಳ್ಳಲಿ, ವಿಷಯ ಗೊತ್ತಾದ ಮೇಲೆ ತಿಳಿದುಕೊಳ್ಳಲಿ.

ಆಜಾದ್ ಪಾರ್ಕ್‌ನ ಧರಣಿಯಲ್ಲಿ ಮೈಕ್ ಹಿಡಿದಿದ್ದು ಎಲ್ಲರಿಗೂ ಕಾಣುತ್ತದೆ. ಕೆಲಸ ಇರುವುದು ಅದಕ್ಕೂ ಮುಂಚೆ. ತೋಟದ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲು ಮನೆಗಳಿಗೆ, ಸಂಜೆಯೇ ಹೋಗಬೇಕು, ಹೆಂಗಸರು ಕೂಲಿ ಮುಗಿಸಿ ಬಂದು ಒಲೆ ಹಚ್ಚುವ ಹೊತ್ತಿಗೆ. ಮಾತು ಶುರುವಾದರೆ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರ್ ಹೊರಗೆ ಬರುತ್ತದೆ. ರೇಷನ್ ಕಾರ್ಡು, ಆಧಾರ್, ಸೈಟಿಗೆ ಅರ್ಜಿ ಕೊಟ್ಟ ಸ್ವೀಕೃತಿ. ಮಡಿಕೆಯಲ್ಲೆಲ್ಲ ಹರಿದಿರುತ್ತದೆ, ಸೀಲಿನ ಮಸಿ ಹಾರಿಹೋಗಿರುತ್ತದೆ. ಅದನ್ನು ಝೆರಾಕ್ಸ್ ಮಾಡಿಸಿ ಹೊಸ ಅರ್ಜಿ ಬರೆಯುವುದೇ ನನ್ನ ಹೋರಾಟದ ಮುಕ್ಕಾಲು ಪಾಲು.

ಕೂಲಿಯವರಿಗೆ ತೋಟದವರು ಮನೆ ಕೊಡಬೇಕು ಅಂತ 1951ರಲ್ಲೇ ಕಾಯ್ದೆ ಬಂತು. ಆದರೆ ಆ ಮನೆ ಕೆಲಸ ಇರುವ ತನಕ ಮಾತ್ರ. ಮಂಡಿ ಸೋತು ಕೆಲಸ ಬಿಟ್ಟರೆ ಮನೆಯೂ ಹೋಯಿತು. ಭೂಕಂದಾಯ ಕಾಯ್ದೆಯ 94ಸಿ ಕಲಮಿನಲ್ಲಿ ಮನೆಯ ಹಕ್ಕುಪತ್ರ ಸಿಗಬೇಕಾದರೆ ಸರ್ಕಾರಿ ಜಾಗದಲ್ಲಿ ಮೊದಲೇ ಮನೆ ಕಟ್ಟಿಕೊಂಡಿರಬೇಕು. ಇವರು ಎಲ್ಲಿ ಕಟ್ಟಬೇಕು? ಇವರಿಗೆ 30-40 ಸೈಟ್ ಕೊಡಲು ಜಾಗ ಇಲ್ಲ, ಒತ್ತುವರಿ ಕಾಫಿ ತೋಟಕ್ಕಾದರೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಜಾಗ ಇದೆ. ನಾನು ಮೈಕಲ್ಲಿ ಹೇಳಿದ್ದು ಇಷ್ಟೇ.

ಅಷ್ಟಕ್ಕೇ ನಿನ್ನ ಸೋದರಮಾವ ಮನೆಗೆ ಬರುವುದು ಬಿಟ್ಟ. ಅವನ ತೋಟದ ಅಂಚಿನಲ್ಲೂ ಒತ್ತುವರಿ ಇದೆಯಲ್ಲ. "ಒಡಹುಟ್ಟಿದವನ ಹೊಟ್ಟೆ ಮೇಲೇ ಹೊಡೀತೀಯಾ" ಅಂದ. ಒಂದೆರಡು ಎಕರೆ ಸರ್ಕಾರಿ ಜಾಗದಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿ, ಸಕ್ರಮಕ್ಕೆ ಫಾರಂ 57 ಅರ್ಜಿ ಹಾಕಿ ಕಾಯುತ್ತಿರುವ ಬಡವರ ಸುದ್ದಿಗೆ ನಾನು ಹೋಗಿಲ್ಲ. ಆದರೆ ಅವರ ಹೆಸರು ಹೇಳಿಕೊಂಡು ದೊಡ್ಡ ತೋಟದವರು ಮೆರವಣಿಗೆಗೆ ಬಂದರೆ ಬ್ಯಾನರ್ ಹಿಡಿಯಲು ಬಿಡುವುದಿಲ್ಲ. ಕೆಲವು ಪರಿಸರ ಹೋರಾಟದವರಿಗೂ ನಾನು ಆಗುವುದಿಲ್ಲ ಬಿಡು, ಸೈಟಿಗೆ ಜಾಗ ಕೇಳಿದ್ದಕ್ಕೆ ಅವರ ಲೆಕ್ಕದಲ್ಲಿ ನಾನು ಕಾಡು ಕಡಿಸುವವಳು.

ಇನ್ನೊಂದು. ನನ್ನ ಮೇಲೆ ಕೇಸಿದೆ, ಅಕ್ರಮ ಕೂಟ ಅಂತ. ಅವರು ಕೇಳುವ ಮುಂಚೆ ನೀನೇ ಹೇಳಿಬಿಡು. ಮದುವೆ ಆದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ವಾಸಿ ಅಲ್ವಾ?

ನೀನು ಧರಣಿಗೆ ಬಾ ಅಂತ ನಾನು ಯಾವತ್ತೂ ಕರೆದಿಲ್ಲ, ಈಗಲೂ ಕರೆಯುವುದಿಲ್ಲ. ನಿನಗೆ ಜನಜಂಗುಳಿ ಆಗಿಬರುವುದಿಲ್ಲ, ನನಗೆ ಗೊತ್ತು.

ಲಗ್ನಪತ್ರಿಕೆ ಬಂದ ಮೇಲೆ ಮಾವನಿಗೆ ಕೊಡಲು ನಾನೇ ಹೋಗುತ್ತೇನೆ. ಧಾರೆಗೆ ಸೋದರಮಾವ ಇಲ್ಲದಿದ್ದರೆ ಹೇಗೆ? ಜಗಲಿಯಲ್ಲೇ ನಿಲ್ಲಿಸಿ ಮಾತಾಡಿಸಿದರೂ ಬೇಜಾರಿಲ್ಲ. ಗುತ್ತಿಗೆ ವಿಷಯ ಎತ್ತಿದರೆ ಮಾತ್ರ ಸುಮ್ನಿರುವುದಿಲ್ಲ, ಅದನ್ನು ನೀನೇ ಅವನಿಗೆ ಮೊದಲೇ ಫೋನ್ ಮಾಡಿ ಹೇಳಿಡು.

ನಿನ್ನ
ಅಮ್ಮ